ಶೆಟ್ರ ವೆಬ್‌ಸೈಟು ನೋಡಿ ಬಂದವರು

ಆಗಸ್ಟ್ ಹತ್ತು, ಭಾನುವಾರ. ಬೆಳಿಗ್ಗೆಯಿಂದ ಜಿನುಗುತ್ತಿದ್ದ ಮಳೆ ಹನ್ನೊಂದಕ್ಕೆ ಸ್ವಲ್ಪ ಹೊಳವಾಗಿ, ಊಟದ ಹೊತ್ತಿಗೆ ಮತ್ತೆ ಜೋರು ಹಿಡಿಯಿತು.

ಬೊರಿವಲಿಯ ಸಭಾಗೃಹವೊಂದರಲ್ಲಿ ಶೆಟ್ರ ಉತ್ತರಕ್ರಿಯೆ. ನಗರದ ಹಳೆಯ ಆಫೀಸುಗಳ ಕಡೆ, ಫೋರ್ಟಿನ ಒಂದು ಗಲ್ಲಿಯಲ್ಲಿ ನಲವತ್ತಕ್ಕೂ ಹೆಚ್ಚು ವರ್ಷ ಉಡುಪಿ ಹೋಟೆಲು ನಡೆಸಿದವರು. ಸಭಾಗೃಹ ತುಂಬಿತ್ತು, ಬಾಗಿಲಲ್ಲಿ ಚಪ್ಪಲಿಯ ಮೇಲೆ ಚಪ್ಪಲಿ, ಕೊಡೆಯ ಮೇಲೆ ಕೊಡೆ. ಆದರೆ ಅವರನ್ನು ವಿದ್ಯುತ್ ಚಿತಾಗಾರಕ್ಕೆ ಒಯ್ದ ದಿನ ಮನೆಯವರನ್ನು ಬಿಟ್ಟರೆ ಇದ್ದದ್ದು ಹೋಟೆಲಿನ ಕೆಲಸದವರು, ಧಾರಾವಿಯ ಬ್ಯಾಗಿನ ಅಂಗಡಿಯವರು ಮತ್ತು ನಾನು. ಅಂದು ಬಾರದವರೆಲ್ಲ ಇಂದು ಬಂದು ಶೆಟ್ರ ಫೋಟೊದ ಎದುರು ಅಗತ್ಯಕ್ಕಿಂತ ಹೆಚ್ಚು ಹೊತ್ತು ಕೈಮುಗಿದು ನಿಂತಿದ್ದರು.

ಊಟವಾದ ಮೇಲೆ ಶೆಟ್ರ ಮಗಳು ನನ್ನ ಪಕ್ಕದ ಕುರ್ಚಿಗೆ ಬಂದು ಕೂತಳು. ಮದುವೆಯಾಗಿ ಪುಣೆಯಲ್ಲಿದ್ದಾಳೆ. ಬೊರಿವಲಿಯಲ್ಲೇ ಬೆಳೆದವಳು, ಕನ್ನಡ ಬರುತ್ತದೆ, ಅವಸರವಾದರೆ ಹಿಂದಿಯಾಗುತ್ತದೆ.

"ಅಂಕಲ್, ಪಪ್ಪನ ವೆಬ್‌ಸೈಟಿಗೆ ಬರೆದದ್ದು ನೀವೇ ಅಲ್ವಾ?"

ಹೌದೆಂದೆ.

"ಹಾಗಾದ್ರೆ ಇದು ಏನಂತ ಹೇಳಿ" ಎಂದು ಫೋನು ಮುಂದೆ ಹಿಡಿದಳು. ಅಪ್ಪ ತೀರಿಹೋದ ಬೆಳಿಗ್ಗೆ ಅವಳು ಅಪ್ಪನ ಹಳೆಯ ಗಿರಾಕಿಗಳ ವಾಟ್ಸ್ಯಾಪ್ ಗುಂಪಿಗೆ ಕಳುಹಿಸಿದ ಸಂದೇಶ ಅದರಲ್ಲಿತ್ತು. ಹೋಟೆಲಿನ ವೆಬ್‌ಸೈಟಿನಿಂದ ತೆಗೆದ ಫೋಟೊ, ಅದರಡಿ ಅಪ್ಪ ಇನ್ನಿಲ್ಲವೆಂದು ಎರಡು ಸಾಲು. ಅದಕ್ಕೆ ಉತ್ತರವಾಗಿ ಉದ್ದಕ್ಕೂ ನಗುವ ಹಳದಿ ಮುಖಗಳು. ಒಬ್ಬರು ಬರೆದಿದ್ದರು: "ಈ ವರ್ಷ ದೀಪಾವಳಿ ಬೇಗ ಬಂತಾ ಶೆಟ್ರೇ?" ಇನ್ನೊಬ್ಬರು: "ಊಟಕ್ಕೆ ಏನು ಸ್ಪೆಷಲ್?"

"ಪಪ್ಪ ಅಲ್ಲಿ ಮನೆಯ ಹಾಲ್‌ನಲ್ಲಿ ಮಲಗಿದ್ರು, ಇವರೆಲ್ಲ ಹಸ್ ರಹೇ ಥೇ, ಅಂಕಲ್. ಯಾಕೆ? ಯಾರನ್ನ ಕೇಳಿದ್ರೂ ತಲೆ ತಗ್ಗಿಸ್ತಾರೆ. ನೀವಾದ್ರೂ ಹೇಳಿ."

ನನ್ನ ಕಸುಬಿನಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಬರೆಯುವವನೊಬ್ಬ, ಅದನ್ನು ಪರದೆಯ ಮೇಲೆ ಚಂದ ಮಾಡಿ ಜೋಡಿಸುವವನೊಬ್ಬ. ಇಬ್ಬರ ನಡುವೆ ವ್ಯಾಪಾರಿ ಸಿಕ್ಕಿಕೊಳ್ಳುತ್ತಾನೆ. ಆದರೆ ಉತ್ತರಕ್ರಿಯೆಯ ಊಟ ಮುಗಿಸಿ ಅದನ್ನು ವಿವರಿಸಬೇಕಾಗಿ ಬಂದದ್ದು ಇದೇ ಮೊದಲು. ಮಳೆ ನಿಲ್ಲುವ ಹಾಗಿರಲಿಲ್ಲ. ಮೊದಲಿನಿಂದ ಹೇಳಿದೆ.

ಕಪ್ಪಿನ ಮೇಲೆ ಕಂದು

ಅಂಗಡಿಗಳ ವೆಬ್‌ಸೈಟಿಗೆ ಬರೆಯುವುದು ನನ್ನ ಕೆಲಸ. ಜಾಹೀರಾತು ಅನ್ನಿಸದ ಹಾಗೆ, ಓದುವವನಿಗೆ ಉಪಯೋಗವಾಗುವಂಥದ್ದೇನಾದರೂ ಬರೆದು, ಅವನು ತಾನಾಗಿಯೇ ಅಂಗಡಿಗೆ ಬರುವಂತೆ ಮಾಡುವುದು. ಇದಕ್ಕೆ ಕಂಟೆಂಟ್ ಮಾರ್ಕೆಟಿಂಗ್ ಎಂದು ಹೆಸರು. ಪುಟದ ಅಂದಚಂದ ನೋಡಿಕೊಳ್ಳುವವನು ಡೊಂಬಿವಲಿಯ ಡಿಸೈನರ್, ಮೂವತ್ತು ದಾಟಿದವನು, ಕನ್ನಡದ ಮನೆಯವನೇ. ಅಕ್ಷರ ಕಂಡರೆ ಅವನಿಗೆ ಗೋಡೆಯ ಮೇಲೆ ತೇವ ಕಂಡ ಹಾಗೆ. "ಸರ್, ಟೆಕ್ಸ್ಟ್ ಜಾಸ್ತಿ ಆಯ್ತು. ಪೇಜ್‌ಗೆ ಉಸಿರು ಬೇಕು ನಾ" ಎನ್ನುತ್ತಿದ್ದ. ಪುಟ ಚೆನ್ನಾಗಿ ಉಸಿರಾಡುತ್ತಿತ್ತು. ಉಸಿರು ನಿಲ್ಲುತ್ತಿದ್ದದ್ದು ನನ್ನ ಬರಹದ್ದು.

ನಾವಿಬ್ಬರೂ ಕೂಡಿ ಮಾಡಿದ ಮೊದಲ ಕೆಲಸ ಧಾರಾವಿಯ ಒಬ್ಬ ಬ್ಯಾಗಿನ ಅಂಗಡಿಯವರದು. ವಿಜಯಪುರದ ಕಡೆಯವರು, ಚರ್ಮದ ಬ್ಯಾಗು ಹೊಲಿಸುತ್ತಾರೆ. ನಿಜವಾದ ಚರ್ಮವನ್ನು ಗುರುತಿಸುವುದು ಹೇಗೆ ಎಂದು ನಾನು ಅವರ ಜೊತೆ ಕೂತು, ಕೇಳಿ, ಶ್ರದ್ಧೆಯಿಂದ ಒಂದು ಲೇಖನ ಬರೆದೆ. ಡಿಸೈನರ್ ಅದನ್ನು ಕಪ್ಪು ಪುಟದ ಮೇಲೆ ಕಡುಗಂದು ಬಣ್ಣದ ಸಣ್ಣ ಅಕ್ಷರದಲ್ಲಿ ಹಾಕಿದ. ಚರ್ಮದ ಅಂಗಡಿ, ಆದ್ದರಿಂದ ಚರ್ಮದ ಬಣ್ಣ.

ವಾರ ಕಳೆದ ಮೇಲೆ ಅಂಗಡಿಯವರು ನಮ್ಮಿಬ್ಬರನ್ನೂ ಕರೆಸಿದರು. ಫೋನು ಹಿಡಿದು ಬಾಗಿಲ ಬೆಳಕಿನಲ್ಲಿ ನಿಂತಿದ್ದರು.

"ಸರ, ಚರ್ಮಾ ನೋಡೂಹಂಗ ನೋಡೀನ್ರಿ. ಬೆಳಕಿಗೆ ಹಿಡದ ನೋಡೀನಿ, ಓರೆ ಮಾಡಿ ನೋಡೀನಿ, ತಿಕ್ಕಿ ನೋಡೀನಿ. ಒಳಗ ಏನೋ ಅದ ಅಂತ ಅನ್ನಸ್ತದ. ಆದ್ರ ಕಾಣವಲ್ದು."

ಡಿಸೈನರ್ ತಾಳ್ಮೆಯಿಂದ ಹೇಳಿದ: "ಅಂಕಲ್, ಅದು ಲಗ್ಜರಿ ಲುಕ್. ದೊಡ್ಡ ದೊಡ್ಡ ಬ್ರ್ಯಾಂಡ್ ಎಲ್ಲಾ ಹೀಗೇ, ಕಪ್ಪು, ಕತ್ತಲೆ. ಏನೂ ಸರಿಯಾಗಿ ಕಾಣಲೇಬಾರದು, ದಿಖ್ನಾ ನಹೀ ಚಾಹಿಯೇ."

ಅಂಗಡಿಯವರು ಹೊರಗೆ ಗಲ್ಲಿಯ ಕಡೆ ಒಮ್ಮೆ ನೋಡಿದರು. ಅಲ್ಲಿ ಹಗಲಲ್ಲೂ ಬಲ್ಬು ಉರಿಯುತ್ತದೆ.

"ಹಂಗಾದ್ರ ತಮ್ಮಾ, ನಲವತ್ತು ವರ್ಷದಿಂದ ನಾವು ಲಗ್ಜರ್‍ಯಾಗನ ಅದೀವಿ. ಯಾರೂ ಹೇಳಿದ್ದಿಲ್ಲ ನೋಡು."

ಬಣ್ಣ ಬದಲಾಯಿತು. ಲೇಖನ ಕಂಡಿತು. ಒಂದಿಷ್ಟು ಆರ್ಡರೂ ಬಂದವು. ಆ ಸಂತೋಷದಲ್ಲಿ ಅವರು ನಮ್ಮಿಬ್ಬರನ್ನೂ ತಮ್ಮ ಹಳೆಯ ಸ್ನೇಹಿತ ಶೆಟ್ರ ಬಳಿಗೆ ಕಳುಹಿಸಿದರು. ಶೆಟ್ರ ಗಲ್ಲಾದ ಪಕ್ಕ ನೇತಾಡುತ್ತಿದ್ದ ಚರ್ಮದ ಚೀಲ ಅವರೇ ಹೊಲಿಸಿ ಕೊಟ್ಟದ್ದು.

ಮೊದಲು ನೀರು

ಶೆಟ್ರ ಹೋಟೆಲಿಗೆ ನಾನು ಹೋದದ್ದು ಕೆಲವು ವರ್ಷಗಳ ಹಿಂದಿನ ಒಂದು ಬುಧವಾರ, ಮಧ್ಯಾಹ್ನದ ಊಟದ ಹೊತ್ತಿಗೆ. ಹಿಂದೆ ಆ ಹೊತ್ತಿನಲ್ಲಿ ಅಲ್ಲಿ ಉಣ್ಣುವವನ ಕುರ್ಚಿಯ ಹಿಂದೆ ಇನ್ನೊಬ್ಬ ನಿಂತು ಕಾಯುತ್ತಿದ್ದ. ಎದುರು ಕೂತವರು ಯಾರೆಂದು ನೋಡದೆ ಉಂಡು ಏಳಬೇಕಿತ್ತು. ಈಗ ಫ್ಯಾನುಗಳೂ ಜನ ಕೂತ ಮೇಜುಗಳ ಮೇಲೆ ಮಾತ್ರ ತಿರುಗುತ್ತಿದ್ದವು. ಸುತ್ತಲಿನ ಆಫೀಸುಗಳು ಒಂದೊಂದಾಗಿ ಉತ್ತರದ ಹೊಸ ಕಟ್ಟಡಗಳಿಗೆ ಹೋಗಿದ್ದವು. ಉಳಿದವರು ಊಟವನ್ನು ಫೋನಿನಲ್ಲಿ ತರಿಸಿಕೊಳ್ಳುತ್ತಿದ್ದರು. ಅಡುಗೆಯವರಲ್ಲಿ ಅರ್ಧ ಜನ ಊರಿಗೆ ಹೋಗಿ ವಾಪಸು ಬಂದಿರಲಿಲ್ಲ, ಶೆಟ್ರೂ ಕರೆದಿರಲಿಲ್ಲ.

"ಒಂದು ಸ್ಯಾಂಡ್‌ವಿಚ್ ಕಂಪನಿಯವರು ಜಾಗ ಕೇಳ್ತಾ ಇದ್ದಾರೆ ಮಾರಾಯ್ರೇ" ಎಂದರು ಶೆಟ್ರು. "ದೀಪಾವಳಿ ತನಕ ನಿಲ್ಲಿ ಅಂತ ಹೇಳಿದ್ದೇನೆ. ಅಷ್ಟರೊಳಗೆ ಮಧ್ಯಾಹ್ನದ ಮೇಜು ತುಂಬಿದರೆ ಹೋಟೆಲು ಉಂಟು. ಇಲ್ಲದಿದ್ರೆ ಬೀಗದ ಕೈ ಅವರಿಗೆ. ನಿಮ್ಮ ವೆಬ್‌ಸೈಟಿನಿಂದ ಆಗ್ತದಾ?"

ಆಗಬಹುದು ಎಂದೆ. ಅದಕ್ಕಿಂತ ಹೆಚ್ಚು ಹೇಳುವ ಅಭ್ಯಾಸ ನನಗಿಲ್ಲ. ನಿಮಗೆ ಏನು ಕೊಡಬೇಕು ಎಂದರು. ಮೇಜು ತುಂಬಿದ ದಿನ ನಿಮಗೆ ತೋಚಿದ್ದು ಕೊಡಿ ಎಂದೆ.

ಡಿಸೈನರ್ ಮೊದಲ ಪುಟದಲ್ಲಿ ಒಂದು ವಿಡಿಯೊ ಹಾಕಿದ. ಇಡ್ಲಿಯಿಂದ ಹಬೆ ನಿಧಾನವಾಗಿ ಏಳುತ್ತದೆ, ತಿರುಗುತ್ತದೆ, ಕರಗುತ್ತದೆ. ಚಂದವೇ. ಆದರೆ ಆ ಹಬೆ ಏಳುವುದಕ್ಕೆ ಮುಂಚೆ ಪರದೆಯ ನಡುವೆ ಒಂದು ಉಂಗುರ ಬಹಳ ಹೊತ್ತು ಸುತ್ತುತ್ತಿತ್ತು.

ಶೆಟ್ರು ಉಂಗುರವನ್ನೇ ನೋಡಿದರು. "ಇದೆಂತ, ಗ್ರೈಂಡರಾ?"

"ಲೋಡ್ ಆಗ್ತಾ ಇದೆ ಅಣ್ಣಾ."

"ಗಿರಾಕಿ ಕೂತ ಕೂಡ್ಲೆ ಎದುರಿಗೆ ನೀರು ಇಡ್ಬೇಕು. ಆಮೇಲೆ ಎಷ್ಟು ಕಾಯಿಸಿದರೂ ಕಾಯ್ತಾನೆ. ನೀರು ಇಡದೆ ಹಬೆ ತೋರಿಸ್ತೇನೆ ಅಂದ್ರೆ ಎದ್ದು ಹೋಗ್ತಾನೆ. ಮೊದಲು ನೀರು ಇಡಿ."

ಅವರು ಹೇಳಿದ್ದು ನ್ಯಾಯವಾಗಿತ್ತು. ಬಂದವನಿಗೆ ಬೇಕಾದದ್ದನ್ನು ತಕ್ಷಣ ಕೊಡಬೇಕು ಎಂದು ನಾನೂ ಡಿಸೈನರನಿಗೆ ಹೇಳುತ್ತಲೇ ಬಂದಿದ್ದೆ. ಆದರೆ ಅವನು ಶೆಟ್ರ ಮಾತನ್ನು ನಾನು ಕೇಳಿದ ಹಾಗೆ ಕೇಳಿರಲಿಲ್ಲ. ಮರುದಿನ ನೋಡಿದರೆ ಮೊದಲ ಪುಟದ ತುಂಬ ಒಂದು ಸ್ಟೀಲಿನ ಲೋಟ. ಅದರಲ್ಲಿ ನೀರು. ಬೇರೆ ಒಂದಕ್ಷರವಿಲ್ಲ. ಲೋಟವನ್ನು ಒತ್ತಿದರೆ ಮುಂದಿನ ಪುಟ ತೆರೆಯುತ್ತದೆ, ಆದರೆ ಒತ್ತಬೇಕೆಂದು ಎಲ್ಲಿಯೂ ಹೇಳಿಲ್ಲ.

ನನಗೆ ಗಾಬರಿಯಾಯಿತು. ಶೆಟ್ರಿಗೆ ಮಾತ್ರ ಬಹಳ ಹಿಡಿಸಿತು. "ಈಗ ಹೋಟೆಲಿನ ಹಾಗೆ ಉಂಟು" ಎಂದರು.

ಹದಿನೈದು ದಿನ ಕಾದೆವು. ಊಟಕ್ಕೆಂದು ಯಾರೂ ಬರಲಿಲ್ಲ. ವೆಬ್‌ಸೈಟು ನೋಡಿ ಬಂದದ್ದು ಒಂದೇ ಒಂದು ಫೋನು. ಶೆಟ್ರು ಸ್ಪೀಕರಿಗೆ ಹಾಕಿ ನಮಗೂ ಕೇಳಿಸಿದರು. ಭೂಲೇಶ್ವರದ ಕಡೆಯ ಪಾತ್ರೆ ವ್ಯಾಪಾರಿ.

"ಸೇಠ್, ಲೋಟ ಚೆನ್ನಾಗಿದೆ. ಡಜನ್‌ಗೆ ಹೇಗೆ?"

ಕೊನೆಯವರೆಗೆ ಓದಿದವನು

ಲೋಟ ತೆಗೆಸಿದೆ. ವಾರಕ್ಕೊಂದು ಲೇಖನ ಬರೆಯತೊಡಗಿದೆ. ಫೋರ್ಟಿನ ಊಟದ ಹೊತ್ತು ಹಿಂದೆ ಹೇಗಿತ್ತು, ಸಾಂಬಾರಿಗೆ ಯಾವ ಕಾಲದಲ್ಲಿ ಯಾವ ತರಕಾರಿ, ತಡವಾಗಿ ಬಂದವನಿಗೂ ರಸಂ ಬಿಸಿಯಾಗಿರುವುದು ಹೇಗೆ. ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ, ಶೆಟ್ರ ಒತ್ತಾಯಕ್ಕೆ ಕನ್ನಡದಲ್ಲೂ. ಕನ್ನಡದ್ದನ್ನು ಬರೆಯುವಾಗ ಸ್ವಲ್ಪ ಹೆಚ್ಚು ಹೊತ್ತು ಕೂರುತ್ತಿದ್ದೆ. ಯಾರೂ ಓದುವುದಿಲ್ಲವೆಂಬ ಧೈರ್ಯದಿಂದ ಬರೆದದ್ದು ಕೆಲವೊಮ್ಮೆ ಚೆನ್ನಾಗಿ ಬರುತ್ತದೆ.

ಪುಟಕ್ಕೆ ಯಾರು ಬಂದರು, ಎಷ್ಟು ಹೊತ್ತು ಇದ್ದರು ಎಂದು ತೋರಿಸುವ ವರದಿ ಡಿಸೈನರನ ಬಳಿ ಬರುತ್ತದೆ. ಬಹುತೇಕ ಎಲ್ಲರೂ ಬಂದ ಹೆಜ್ಜೆಯಲ್ಲೇ ಹೋಗಿದ್ದರು. ಒಬ್ಬನನ್ನು ಬಿಟ್ಟು. ಆ ಒಬ್ಬ ಕನ್ನಡದ ಲೇಖನವನ್ನು ತೆರೆದರೆ ಅರ್ಧ ತಾಸು ಬಿಡುತ್ತಿರಲಿಲ್ಲ. ನಿಧಾನವಾಗಿ ಕೆಳಗೆ ಹೋಗುತ್ತಿದ್ದ, ಮತ್ತೆ ಮೇಲೆ ಬರುತ್ತಿದ್ದ. ವಾರವಾರವೂ ಹಾಗೆಯೇ.

"ಸರ್, ನಿಮ್ಮ ಫ್ಯಾನ್" ಎಂದ ಡಿಸೈನರ್.

ಮುಂದಿನ ಲೇಖನವನ್ನು ಅವನೊಬ್ಬನಿಗಾಗಿಯೇ ಬರೆದೆ. ಯಾರೋ ನಿವೃತ್ತ ಬ್ಯಾಂಕಿನವರು ಇರಬಹುದು, ಸಣ್ಣ ಕೋಣೆಯಲ್ಲಿ ಒಬ್ಬರೇ ಕೂತು ಓದುತ್ತಿರಬಹುದು ಎಂದುಕೊಂಡಿದ್ದೆ. ಲೋಕಲ್ ರೈಲಿನಲ್ಲಿ ನಿಂತು ಬರುವಾಗ ಅವರ ಬಗ್ಗೆ ಯೋಚಿಸುತ್ತಿದ್ದೆ.

ಅಕ್ಟೋಬರಿನ ಒಂದು ದಿನ ಹೋಟೆಲಿಗೆ ಹೋದಾಗ ಸ್ಯಾಂಡ್‌ವಿಚ್ ಕಂಪನಿಯವನೊಬ್ಬ ಗೋಡೆಗೆ ಟೇಪು ಹಿಡಿದು ಅಳೆಯುತ್ತಿದ್ದ. ಶೆಟ್ರು ಅವನ ಕಡೆ ನೋಡದೆ ಗಲ್ಲಾದ ಹಿಂದೆ ಕೂತು ಫೋನನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದರು. ಒತ್ತುವ ರಭಸ ನೋಡಿದರೆ ಮೇಜಿನ ಕಲೆ ಉಜ್ಜುವವರ ಹಾಗಿತ್ತು. ಬಗ್ಗಿ ನೋಡಿದೆ. ನನ್ನ ಲೇಖನ.

"ಓದ್ತಾ ಇದ್ದೀರಾ?" ಎಂದೆ. ಧ್ವನಿ ನನಗೇ ಹೊಸದಾಗಿ ಕೇಳಿತು.

"ರೇಟು ಸರಿ ಉಂಟಾ ನೋಡುವ ಅಂತ ತೆರೆದದ್ದು ಮಾರಾಯ್ರೇ. ಎಲ್ಲೋ ಕೈ ತಾಗಿ ಇದು ಬಂತು. ಬಂದ ಮೇಲೆ ಹೋಗುವುದೇ ಇಲ್ಲ."

ಡಿಸೈನರ್ ಲೇಖನಗಳನ್ನು ಪರದೆ ತುಂಬುವ ಒಂದು ಪೆಟ್ಟಿಗೆಯಲ್ಲಿ ತೆರೆಯುವಂತೆ ಮಾಡಿದ್ದ. ಮುಚ್ಚುವುದಕ್ಕೆ ಮೇಲಿನ ಮೂಲೆಯಲ್ಲಿ ಸಾಸಿವೆಯಷ್ಟು ಗಾತ್ರದ ಒಂದು ಗುಣಿಸು ಗುರುತು, ಅದೂ ತಿಳಿಬೂದಿ ಬಣ್ಣದ್ದು. ದೋಸೆಯ ಕಾವಲಿಯ ಮುಂದೆ ಹತ್ತು ವರ್ಷ ನಿಂತ ಹೆಬ್ಬೆರಳಿಗೆ ಅದು ಸಿಗುವಂತಿರಲಿಲ್ಲ.

"ಪ್ರತಿ ವಾರವೂ ಹೀಗೇನಾ?"

"ಪ್ರತಿ ವಾರ. ಏನು ಮಾಡುವುದು, ಮುಚ್ಚಲಿಕ್ಕೆ ಬರುವುದಿಲ್ಲ, ಅದಕ್ಕೆ ಓದಿದೆ." ಸ್ವಲ್ಪ ತಡೆದು ಹೇಳಿದರು: "ಒಳ್ಳೆಯದು ಬರೀತೀರಿ. ಆ ರಸಂನದ್ದು ಎರಡು ಸಲ ಓದಿದೆ."

"ಹಿಡಿಸಿತಾ?"

"ಎರಡು ಸಲ ಸಿಕ್ಕಿಬಿದ್ದೆ."

ಉಸಿರಾಡಿದ ಪುಟ

ದೀಪಾವಳಿಗೆ ಒಂದು ವಾರವಿತ್ತು. ಕೊನೆಯ ಪ್ರಯತ್ನವೆಂದು ಶೆಟ್ರ ಬಗ್ಗೆಯೇ ಬರೆದೆ. ಹುಡುಗನಾಗಿ ಬಂದು ಇದೇ ಗಲ್ಲಿಯಲ್ಲಿ ಲೋಟ ತೊಳೆದದ್ದು, ಬೆಂಚಿನ ಕೆಳಗೆ ಮಲಗಿದ್ದು, ಮಹಾಮಳೆಯಲ್ಲಿ ಲೋಕಲು ನಿಂತ ದಿನ ಮನೆಗೆ ಹೋಗಲಾಗದ ಆಫೀಸಿನವರಿಗೆ ಬೆಳಗಿನವರೆಗೆ ಉಪ್ಪಿಟ್ಟು ಮಾಡಿ ಹಾಕಿದ್ದು. ಕೊನೆಯಲ್ಲಿ: ಈಗಲೂ ಅವರು ಗಲ್ಲಾದಲ್ಲಿ ಇದ್ದಾರೆ, ಬನ್ನಿ, ಒಮ್ಮೆ ಮಾತಾಡಿಸಿ. ತಲೆಬರಹ: ನಲವತ್ತು ವರ್ಷ ಫೋರ್ಟಿಗೆ ಉಣಿಸಿದ ಕೈ.

ಫೋಟೊ ಬೇಕಿತ್ತು. ಶೆಟ್ರ ಬಳಿ ಇದ್ದದ್ದು ಒಂದೇ, ಸಂಘದವರು ಸನ್ಮಾನ ಮಾಡಿದಾಗ ತೆಗೆದದ್ದು. ಪೇಟ, ಶಾಲು, ಹಣ್ಣಿನ ಬುಟ್ಟಿ, ಎರಡೂ ಪಕ್ಕ ಪದಾಧಿಕಾರಿಗಳು, ಕೊರಳಲ್ಲಿ ದಪ್ಪ ಮಾಲೆ. ಡಿಸೈನರ್ ಒಯ್ದ.

ಅವನು ಏನು ಮಾಡಿದ ಎಂದು ಕ್ರಮವಾಗಿ ಹೇಳುತ್ತೇನೆ. ಪದಾಧಿಕಾರಿಗಳು ಗಲಾಟೆ ಅನ್ನಿಸಿದರು, ಕತ್ತರಿಸಿದ. ಹಣ್ಣಿನ ಬುಟ್ಟಿ ಹೋಯಿತು. ಪೇಟವೂ ಶಾಲೂ ಗಾಢ ಬಣ್ಣ, ಪುಟಕ್ಕೆ ಹೊಂದುವುದಿಲ್ಲ, ಹೋದವು. ಮುಖವೂ ಮಾಲೆಯೂ ಉಳಿದವು. ಹಳೆಯ ಹೋಟೆಲಿನ ಗಾಂಭೀರ್ಯ ಬರಲೆಂದು ಫೋಟೊವನ್ನು ಕಪ್ಪು-ಬಿಳುಪು ಮಾಡಿದ. ಸುತ್ತ ಒಂದು ತೆಳು ಚೌಕಟ್ಟು. ದೀಪಾವಳಿ ಹತ್ತಿರ ಬಂತಲ್ಲ, ಕೆಳಗೆ ಒಂದು ದೀಪ. ಅದರ ಕುಡಿ ಮೆಲ್ಲಗೆ ಅಲುಗುತ್ತಿತ್ತು. ಅದರ ಕೆಳಗೆ ನನ್ನ ತಲೆಬರಹ. ಪುಟ ಉಸಿರಾಡಬೇಕೆಂದು ಉಳಿದ ಬರಹವನ್ನೆಲ್ಲ "ಮುಂದೆ ಓದಿ" ಎಂಬ ಗುಂಡಿಯ ಹಿಂದೆ ಇಟ್ಟ. ಶೆಟ್ರು ಗಲ್ಲಾದಲ್ಲಿ ಇದ್ದಾರೆ ಎಂಬ ಮಾತು ಅಲ್ಲಿ ಒಳಗೆ, ಕೊನೆಯ ಸಾಲಿನಲ್ಲಿ.

ನನಗೆ ತೋರಿಸದೆ, ಬೆಳಿಗ್ಗೆ ಒಂಬತ್ತಕ್ಕೆ, ಶೆಟ್ರ ಹಳೆಯ ಗಿರಾಕಿಗಳಿಗೆಲ್ಲ ಕಳುಹಿಸಿದ. ಆಮೇಲೆ ನನಗೆ ಫೋನು ಮಾಡಿದ.

"ಸರ್, ಈ ಸಲ ರೆಸ್ಪಾನ್ಸ್ ಅಚ್ಛಾ ಹೈ. ಎಲ್ಲರೂ ಕೈ ಮುಗಿಯೋ ಸಿಂಬಲ್ ಕಳಿಸ್ತಾ ಇದ್ದಾರೆ."

ಚಟ್ನಿ ಎರಡನೇ ಸಲ ಕೇಳದವರು

ಹನ್ನೆರಡೂವರೆಗೆ ಶೆಟ್ರ ಫೋನು. ಹಿಂದೆ ಪಾತ್ರೆಗಳ ಸದ್ದು. ಆ ಸದ್ದನ್ನು ನಾನು ಅಲ್ಲಿ ಮೊದಲು ಕೇಳಿರಲಿಲ್ಲ.

"ಮಾರಾಯ್ರೇ, ಓಡಿ ಬನ್ನಿ! ಮೇಜು ಫುಲ್ಲು! ನಿಮ್ಮ ಬರಹ ಕೆಲಸ ಮಾಡಿತು!"

ನಾನು ಒಳಗೆ ಹೋದಾಗ ಎಲ್ಲ ಫ್ಯಾನುಗಳೂ ತಿರುಗುತ್ತಿದ್ದವು. ಎಲ್ಲ ಕುರ್ಚಿಗಳೂ ತುಂಬಿದ್ದವು. ಕೂತವರೆಲ್ಲ ವಯಸ್ಸಾದವರು, ಎಲ್ಲರೂ ಬಿಳಿ ಅಂಗಿ ತೊಟ್ಟಿದ್ದರು, ಯಾರೂ ಮಾತಾಡುತ್ತಿರಲಿಲ್ಲ. ತಟ್ಟೆಯಲ್ಲಿ ಕಣ್ಣಿಟ್ಟು ಉಣ್ಣುತ್ತಿದ್ದರು. ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರು ಸಾಂಬಾರಿನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣೊರೆಸಿಕೊಳ್ಳುತ್ತಿದ್ದರು.

ಫೋನು ತೆಗೆದು ಡಿಸೈನರ್ ಕಳುಹಿಸಿದ್ದ ಪುಟ ನೋಡಿದೆ, ಒಂದು ನಿಮಿಷದಲ್ಲಿ ಅರ್ಥವಾಯಿತು. ಬಂದವರೆಲ್ಲ ಶೆಟ್ರು ಹೋದರೆಂದು ಬಂದವರು. ಬಾಗಿಲು ದಾಟಿದರೆ ಎದುರಿಗೆ ಗಲ್ಲಾದಲ್ಲಿ ಶೆಟ್ರೇ ಕೂತಿದ್ದಾರೆ, "ಬನ್ನಿ ಬನ್ನಿ, ಎಷ್ಟು ವರ್ಷ ಆಯ್ತು!" ಎನ್ನುತ್ತಿದ್ದಾರೆ. ನೀವು ತೀರಿಕೊಂಡಿರೆಂದು ಬಂದೆ ಎಂದು ಯಾರು ಹೇಳುತ್ತಾರೆ? ಬಂದವರು ಬಂದ ಹಾಗೆ ಕುರ್ಚಿ ಎಳೆದುಕೊಂಡು "ಒಂದು ರೈಸ್ ಪ್ಲೇಟ್" ಎಂದುಬಿಟ್ಟಿದ್ದರು. ಆಮೇಲೆ ಬಂದವರು ಇವರನ್ನು ನೋಡಿ ಹಾಗೆಯೇ ಮಾಡಿದ್ದರು.

ಶೆಟ್ರು ನನ್ನ ಕಿವಿಯಲ್ಲಿ ಹೇಳಿದರು: "ಇಷ್ಟು ಮರ್ಯಾದೆಯ ಗಿರಾಕಿಗಳನ್ನ ನಾನು ಜನ್ಮದಲ್ಲಿ ನೋಡಲಿಲ್ಲ. ಒಬ್ಬನೂ ಚಟ್ನಿ ಎರಡನೇ ಸಲ ಕೇಳಲಿಲ್ಲ. ಇಂಥವರನ್ನ ಎಲ್ಲಿಂದ ಹಿಡಿದಿರಿ?"

ಸ್ಯಾಂಡ್‌ವಿಚ್ ಕಂಪನಿಯವನೂ ಬಂದಿದ್ದ, ಮನೆಯವರನ್ನು ಕಂಡು ಮಾತಾಡುವುದಕ್ಕೆ. ಶೆಟ್ರನ್ನು ನೋಡಿ ಅವನ ಕೈಯಲ್ಲಿದ್ದ ಬಿಳಿ ಹೂವಿನ ಗುಚ್ಛ ಟೇಪಿನ ಚೀಲದೊಳಗೆ ಹೋಯಿತು. ಶೆಟ್ರು ಅವನನ್ನೂ ಕೂರಿಸಿದರು. "ಅಳತೆ ಆಮೇಲೆ. ಮೊದಲು ಊಟ."

ಇದು ಹೀಗೆಯೇ ಮುಗಿದುಹೋಗುತ್ತಿತ್ತೋ ಏನೋ. ಆಗ ಬಾಗಿಲಲ್ಲಿ ಧಾರಾವಿಯ ಬ್ಯಾಗಿನ ಅಂಗಡಿಯವರು ನಿಂತರು. ದಾದರಿನ ಹೂವಿನ ಮಾರುಕಟ್ಟೆಗೆ ಹೋಗಿ ಒಂದು ಮಾಲೆ ತಂದಿದ್ದರು. ಎರಡು ಕೈಯಲ್ಲೂ ಹಿಡಿಯದಷ್ಟು ದೊಡ್ಡದು. ಹೆಗಲ ಮೇಲೆ ಹೊತ್ತಿದ್ದರು. ಅದನ್ನು ಬಚ್ಚಿಡುವಂತಿರಲಿಲ್ಲ. ಬಚ್ಚಿಡುವ ಮನುಷ್ಯರೂ ಅವರಲ್ಲ.

"ಏ ಶೆಟ್ರ!" ಎಂದು ಕೂಗಿದರು. ಕಣ್ಣಲ್ಲಿ ನೀರು ಹಾಗೆಯೇ ಇತ್ತು. "ಅದೀರೇನ್ರೀ ನೀವು? ನಿಮ್ಮ ಮಣ್ಣಿಗಂತ ಅಂಗಡಿ ಮುಚ್ಚಿ ಬಂದೀನಲ್ರೀ ನಾನು!"

ಉಣ್ಣುವ ಸದ್ದು ನಿಂತಿತು. ಒಬ್ಬೊಬ್ಬರಾಗಿ ಎಲ್ಲರೂ ತಲೆ ತಗ್ಗಿಸಿದರು. ಶೆಟ್ರು ಹೋಟೆಲಿನ ತುಂಬ ಒಮ್ಮೆ ನೋಡಿದರು, ಬಿಳಿ ಅಂಗಿಗಳನ್ನು ನೋಡಿದರು, ಮಾಲೆ ನೋಡಿದರು. ನನ್ನ ಕಡೆ ಕೈ ಚಾಚಿದರು. ಫೋನು ಕೊಟ್ಟೆ.

ಅಲುಗುವ ದೀಪದ ಮೇಲಿದ್ದ ತಮ್ಮ ಮುಖವನ್ನು ಅವರು ಬಹಳ ಹೊತ್ತು ನೋಡಿದರು. ಡಿಸೈನರ್ ಅಲ್ಲಿ ಇಲ್ಲದ್ದು ಒಳ್ಳೆಯದಾಯಿತು ಎಂದುಕೊಂಡೆ.

"ನಾನು ಹೋದ್ರೆ ಇಷ್ಟು ಜನ ಬರ್ತಾರಾ?" ಎಂದರು, ಯಾರನ್ನೂ ನೋಡದೆ.

ಒಬ್ಬರು ತಟ್ಟೆಯ ಅಂಚಿನ ಅನ್ನವನ್ನು ಬೆರಳಿನಿಂದ ನಡುವಿಗೆ ಸರಿಸಿದರು.

"ಇದ್ದಾಗ ಯಾಕೆ ಬರುವುದಿಲ್ಲ ಮಾರಾಯ್ರೇ?"

ಬ್ಯಾಂಕ್ ಮ್ಯಾನೇಜರು ಎದ್ದು ಬಂದು ಶೆಟ್ರ ಕೈ ಹಿಡಿದುಕೊಂಡರು. ಆಮೇಲೆ, ಕೈ ತೊಳೆದಿಲ್ಲವೆಂದು ನೆನಪಾಗಿ, ಬಿಟ್ಟರು.

"ಈಗಲೇ ತೆಗೆಸುತ್ತೇನೆ" ಎಂದೆ ನಾನು.

"ತೆಗೀಬೇಡಿ" ಎಂದರು ಶೆಟ್ರು. "ಫೋಟೊ ಚೆನ್ನಾಗಿ ಬಂದಿದೆ. ದೀಪಾವಳಿ ತನಕ ಇರಲಿ."

ಅಲ್ಲಿ ಒಬ್ಬರು ನಕ್ಕರು. ಆಮೇಲೆ ಎಲ್ಲರೂ. ಆಮೇಲೆ ಚಟ್ನಿ ಎರಡನೇ ಸಲ ಕೇಳುವವರು ಶುರುವಾದರು.

ಅಂದು ಬಂದವರು ನಾಚಿಕೆಗೆ ಮರುವಾರವೂ ಬಂದರು, ಆಮೇಲೆ ಅಭ್ಯಾಸಕ್ಕೆ ಬಂದರು, ಜೊತೆಗೆ ಇನ್ನೊಬ್ಬರನ್ನು ಕರೆತಂದರು. ಸ್ಯಾಂಡ್‌ವಿಚ್ ಕಂಪನಿಯವನಿಗೆ ಬೀಗದ ಕೈ ಸಿಗಲಿಲ್ಲ. ಪ್ರತಿ ದೀಪಾವಳಿಗೂ ಶೆಟ್ರು ತಾವೇ ಹೇಳಿ ಅದೇ ಫೋಟೊ, ಅದೇ ದೀಪ ಹಾಕಿಸುತ್ತಿದ್ದರು, ಗುಂಪಿಗೆಲ್ಲ ಕಳುಹಿಸುತ್ತಿದ್ದರು. ಅಂದು ಹೋಟೆಲು ತುಂಬುತ್ತಿತ್ತು. ಬಂದವರು ಬೇಕೆಂದೇ ಬಿಳಿ ಅಂಗಿ ಹಾಕಿಕೊಂಡು ಬರುತ್ತಿದ್ದರು. "ಮನೆಯಲ್ಲಿ ಹೇಳ್ಬೇಡಿ, ಹೆಂಡತಿಗೆ ಬಿ.ಪಿ. ಉಂಟು" ಎಂದು ನಮ್ಮೆಲ್ಲರಿಂದ ಮಾತು ತೆಗೆದುಕೊಂಡಿದ್ದರು.

ಮಗಳು ಫೋನಿನ ಪರದೆಯನ್ನು ನೋಡುತ್ತಿದ್ದಳು. ಆ ನಗುವ ಮುಖಗಳನ್ನು ಮೇಲಿನಿಂದ ಕೆಳಗೆ ಮತ್ತೊಮ್ಮೆ ಓದಿದಳು.

"ನಾನು ಅದೇ ಫೋಟೊ ಹಾಕಿದೆ" ಎಂದಳು.

"ಹೌದು. ಬೇರೆ ಯಾವುದು ಹಾಕಿದ್ದರೂ ನಂಬುತ್ತಿದ್ದರು."

ಅವಳು ಅಳುತ್ತಾಳೆ ಎಂದುಕೊಂಡೆ. ಸ್ವಲ್ಪ ಅತ್ತಳು. ಆಮೇಲೆ ಮೂಗೊರೆಸಿಕೊಂಡು ಕೇಳಿದಳು: "ಮೇಜು ತುಂಬಿದ ದಿನ ತೋಚಿದ್ದು ಕೊಡಿ ಅಂದಿದ್ರಲ್ಲ. ಪಪ್ಪ ಏನು ಕೊಟ್ಟರು?"

"ಆ ಮಾಲೆ."

"ಮಾಲೆ?"

"ಸತ್ತವರಿಗೆಂದು ತಂದದ್ದು. ಬ್ಯಾಗಿನವರು ವಾಪಸು ಒಯ್ಯಲಿಲ್ಲ. ಪಪ್ಪ ಮನೆಗೆ ಒಯ್ದರೆ ನಿನ್ನ ತಾಯಿ ಕೇಳುತ್ತಾರೆ. ನಿಮ್ಮ ಬರಹಕ್ಕೆ ಇದು ಅಂತ ನನ್ನ ಹೆಗಲಿಗೆ ಹಾಕಿದರು."

"ಅಷ್ಟೇನಾ ಅಂಕಲ್?"

"ಅದನ್ನು ಹೊತ್ತುಕೊಂಡು ಚರ್ಚ್‌ಗೇಟಿನಲ್ಲಿ, ಕಾಲಿಡಲೂ ಜಾಗವಿಲ್ಲದ ಸಂಜೆಯ ಬೊರಿವಲಿ ಫಾಸ್ಟ್ ಲೋಕಲ್ ಹತ್ತಿದೆ. ಒಳಗೆ ಇಸ್ಪೀಟು ಆಡುವ ಗುಂಪೊಂದಿದೆ, ಇಷ್ಟು ವರ್ಷದಲ್ಲಿ ಯಾರಿಗೂ ಮೊಣಕಾಲು ಸರಿಸಿದವರಲ್ಲ. ಮಾಲೆ ನೋಡಿ ಎಲೆ ಮಡಿಸಿಟ್ಟರು. ಒಬ್ಬ ಎದ್ದು, 'ಬೈಠೋ ಕಾಕಾ' ಅಂದ. ಇನ್ನೊಬ್ಬ, ಯಾರು ಹೋದರು ಅಂದ. ಹೋಟೆಲಿನವರು ಅಂದೆ. ಬೊರಿವಲಿಯ ತನಕ ಕೂತು ಬಂದೆ. ಕಿಟಕಿಯ ಪಕ್ಕ."

ಅವಳು ಮದುವೆಗೆ ಮೊದಲು ಅದೇ ಗಾಡಿಯಲ್ಲಿ ವರ್ಷಗಟ್ಟಲೆ ಫೋರ್ಟಿಗೆ ನಿಂತು ಓಡಾಡಿದವಳು. ಕಣ್ಣು ದೊಡ್ಡದು ಮಾಡಿ ನನ್ನನ್ನು ನೋಡಿದಳು.

"ಸಂಜೆಯ ಫಾಸ್ಟ್‌ನಲ್ಲಿ? ವಿಂಡೋ ಸೀಟ್?" ಎಂದಳು. "ಅಂಕಲ್, ಪಪ್ಪ ಯಾರಿಗೂ ಅಷ್ಟು ಕೊಟ್ಟವರಲ್ಲ."